ಒಂದೇ ಟ್ಯೂಬಿನ ಅಣ್ಣತಮ್ಮಂದಿರು

ಲ್ಯಾಬಿನ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ನನ್ನಲ್ಲಿಗೆ ಬಂದು, ನಿಮ್ಮ ಕಾಲದಲ್ಲಿ ಯಂತ್ರಗಳೇ ಇರಲಿಲ್ಲವಂತಲ್ಲ, ಹೇಗೆ ಕೆಲಸ ಮಾಡುತ್ತಿದ್ದಿರಿ ಎಂದು ಕೇಳುತ್ತಾರೆ. ತಪ್ಪು ಮಾಡುವುದಕ್ಕೆ ನಮಗೆ ಯಂತ್ರ ಬೇಕಾಗಿರಲಿಲ್ಲ, ಎಲ್ಲವನ್ನೂ ಕೈಯಲ್ಲೇ ಮಾಡುತ್ತಿದ್ದೆವು ಎಂದರೆ ನಗುತ್ತಾರೆ. ನಗಲಿ. ಆದರೆ ಅದು ನಿಜ.

ನಾನು ಹೈಸ್ಕೂಲು ಮುಗಿಸಿ ಸೇರಿದ್ದು ಬಳ್ಳಾರಿಯ ಒಂದು ಧರ್ಮಾಸ್ಪತ್ರೆಯ ಲ್ಯಾಬಿಗೆ. ಹತ್ತಿ ವ್ಯಾಪಾರಿಯೊಬ್ಬರು ಪುಣ್ಯಕ್ಕೆಂದು ಕಟ್ಟಿಸಿದ ಆಸ್ಪತ್ರೆ ಅದು. ಅವರ ಮಕ್ಕಳಿಗೆ ಪುಣ್ಯ ಸಾಕೆನಿಸಿದ ಮೇಲೆ ಮುಚ್ಚಿತು. ಈಗ ಆ ಜಾಗದಲ್ಲಿ ಕಲ್ಯಾಣ ಮಂಟಪವಿದೆ. ಅರವತ್ತರ ದಶಕದಿಂದ ಎಂಬತ್ತರ ದಶಕದವರೆಗೆ ನಾನು ಅಲ್ಲಿ ಯೀಸ್ಟು ಬೆಳೆಸಿದೆ. ಬ್ರೆಡ್ಡು ಉಬ್ಬಿಸುವ ಯೀಸ್ಟಲ್ಲ, ಮನುಷ್ಯನ ಬಾಯಿಗೆ, ಶ್ವಾಸಕೋಶಕ್ಕೆ, ಮಿದುಳಿಗೆ ಇಳಿದು ಕಾಡುವಂಥದು. ಆ ಕೆಲಸದಲ್ಲಿ ನಾನು ಮಾಡಿದ ಒಂದು ಮೋಸದಿಂದ ಸಿರುಗುಪ್ಪದ ಖಾಸೀಂಸಾಬ ಎಂಬ ಅರಳೆ ಹಿಂಜುವವನು ತನ್ನ ಒಬ್ಬಳೇ ಮಗಳನ್ನು ಕಳೆದುಕೊಂಡ. ಮಗಳು ಸಾಯಲಿಲ್ಲ, ಅವನ ಮುಖ ನೋಡುವುದನ್ನು ಬಿಟ್ಟಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಡುವೆ ಬರುವ ತಮಾಷೆಯ ಸಂಗತಿಗಳಲ್ಲಿ ನೀವೂ ಮರೆತೀರಿ, ನಾನೂ ಮರೆತೇನು.

ಲ್ಯಾಬಿನ ಮುಖ್ಯಸ್ಥರು ಡಾಕ್ಟರ್ ಶೇಷಗಿರಿರಾಯರು. ಮೈಸೂರು ಕಡೆಯವರು, ಮದ್ರಾಸಿನಲ್ಲಿ ಓದಿದವರು. ತಾವು ಬಳ್ಳಾರಿಗೆ ಬಂದದ್ದು ಭೂಗೋಳದ ತಪ್ಪು ಎಂದು ಅವರು ಬಲವಾಗಿ ನಂಬಿದ್ದರು. ಒಂದು ಹೊಸ ಸೂಕ್ಷ್ಮಜೀವಿಗೆ ತಮ್ಮ ಹೆಸರು ಬಂದರೆ ಆ ತಪ್ಪು ಸರಿಹೋಗುತ್ತದೆಂಬುದು ಅವರ ಲೆಕ್ಕ. ರೋಗಿಯೊಬ್ಬ ಬಾಯಿಹುಣ್ಣು ಎಂದು ಬಂದರೆ ಅವರ ಕಣ್ಣು ಹೊಳೆಯುತ್ತಿತ್ತು. ಗುಣವಾಯಿತೆಂದು ಅವನು ಹೇಳಲು ಬಂದರೆ ಅಷ್ಟು ಹೊಳೆಯುತ್ತಿರಲಿಲ್ಲ.

ಯೀಸ್ಟುಗಳ ವರ್ಗೀಕರಣ ಎಂದರೆ ನಮ್ಮ ಕಡೆಯ ಹೆಣ್ಣು ಕೇಳುವ ಮಾತುಕತೆ ಇದ್ದಂತೆ. ಮುಖ ನೋಡಿದರೆ ಏನೂ ತಿಳಿಯದು. ಎಲ್ಲವೂ ದುಂಡಗೆ, ಬೆಳ್ಳಗೆ, ಬೆಣ್ಣೆ ಹಚ್ಚಿದಂತೆ ಇರುತ್ತವೆ. ಹಾಗಾಗಿ ಮನೆತನ ವಿಚಾರಿಸಬೇಕು. ಯಾವ ಸಕ್ಕರೆ ತಿನ್ನುತ್ತೀರಿ, ಯಾವುದನ್ನು ಬಿಡುತ್ತೀರಿ, ಯೂರಿಯ ಕೊಟ್ಟರೆ ಏನು ಮಾಡುತ್ತೀರಿ, ರಕ್ತದ ತಿಳಿನೀರಿನಲ್ಲಿ ಬಿಟ್ಟರೆ ಮೊಳಕೆ ಬರುತ್ತದೆಯೋ ಇಲ್ಲವೋ. ಈ ಕೊನೆಯ ಪರೀಕ್ಷೆಗೆ ಬೇಕಾದ ರಕ್ತ ನನ್ನದೇ. ಮಲ್ಲಪ್ಪನ ರಕ್ತದಲ್ಲಿ ಮೊಳಕೆ ಬೇಗ ಬರುತ್ತದೆ ಎಂದು ರಾಯರು ಒಮ್ಮೆ ಹೊರಗಿನ ಅತಿಥಿಗಳ ಮುಂದೆ ಹೇಳಿದರು. ನನ್ನ ಸೇವೆಯ ಬಗ್ಗೆ ಅವರು ಮನಸಾರೆ ಆಡಿದ ಹೊಗಳಿಕೆ ಅದು.

ಹೆಸರುಗಳದ್ದು ಇನ್ನೊಂದು ಕಥೆ. ನಾನು ಸೇರಿದಾಗ ಟೊರುಲಾಪ್ಸಿಸ್ ಎಂದು ಕರೆಸಿಕೊಳ್ಳುತ್ತಿದ್ದ ಒಂದು, ಕೆಲವು ವರ್ಷಗಳಲ್ಲಿ ಕ್ಯಾಂಡಿಡ ಎಂಬ ಮನೆತನಕ್ಕೆ ದತ್ತು ಹೋಯಿತು. ಮಿದುಳಿಗೆ ಇಳಿಯುವ ಕ್ರಿಪ್ಟೊಕಾಕಸ್ ಎಂಬುದನ್ನು ನಾವೆಲ್ಲ ಬ್ರಹ್ಮಚಾರಿ ಎಂದು ತಿಳಿದಿದ್ದೆವು. ಅದರಲ್ಲೂ ಎರಡು ಪಂಗಡಗಳಿವೆ, ಕೂಡಿಸಿ ಇಟ್ಟರೆ ಸಂಸಾರ ಮಾಡುತ್ತವೆ ಎಂದು ಹೊರದೇಶದವರು ಕಂಡುಹಿಡಿದರು. ಸಂಸಾರಸ್ಥ ರೂಪಕ್ಕೆ ಬೇರೆಯದೇ ಒಂದು ಉದ್ದ ಹೆಸರು ಇಟ್ಟರು. ಪ್ರತಿ ಸಲವೂ ಹಳೆಯ ಲೇಬಲ್ ಕಿತ್ತು ಹೊಸದು ಬರೆದು ಅಂಟಿಸುವವನು ನಾನು. ಟ್ಯೂಬಿನೊಳಗಿನವರಿಗೆ ತಮ್ಮ ಏಳಿಗೆ ಗೊತ್ತೇ ಇರಲಿಲ್ಲ. ಹಾಕಿದ ಸಕ್ಕರೆಯನ್ನು ಮೊದಲಿನಂತೆಯೇ ತಿನ್ನುತ್ತಿದ್ದರು.

ಈ ಕ್ರಿಪ್ಟೊಕಾಕಸ್ಸನ್ನು ಉಳಿದ ಯೀಸ್ಟುಗಳಿಂದ ಬೇರ್ಪಡಿಸಲು ಒಂದು ಹೊಸ ಉಪಾಯ ಬಂದಿತ್ತು. ಒಂದು ಜಾತಿಯ ಬೀಜದ ಕಷಾಯದಲ್ಲಿ ಹೆಪ್ಪುಗಟ್ಟಿಸುವ ಅಗರ್ ಬೆರೆಸಿ ತಟ್ಟೆಗೆ ಹೊಯ್ದರೆ, ಅದರ ಮೇಲೆ ಇದೊಂದೇ ಕಂದು ಬಣ್ಣಕ್ಕೆ ತಿರುಗುತ್ತದೆ. ಬೀಜದ ಹೆಸರು ಲ್ಯಾಟಿನ್ನಿನಲ್ಲಿತ್ತು. ರಾಯರು ಅದೇ ಹೆಸರಿನಲ್ಲಿ ಮುಂಬಯಿಯ ಕಂಪನಿಯೊಂದಕ್ಕೆ ಬರೆದರು. ತಿಂಗಳುಗಟ್ಟಲೆ ಕಾದೆವು. ಕೊನೆಗೆ ಪಾರ್ಸೆಲ್ ಬಂದು, ರಾಯರು ಸ್ವತಃ ಕತ್ತರಿ ಹಿಡಿದು ಬಿಚ್ಚಿದರೆ ಒಳಗಿದ್ದದ್ದು ಗುರೆಳ್ಳು. ಬಳ್ಳಾರಿಯ ಯಾವ ಕಿರಾಣಿ ಅಂಗಡಿಯಲ್ಲಾದರೂ ಸೇರಿನಲ್ಲಿ ಅಳೆದು ಕೊಡುವ ಗುರೆಳ್ಳು. ಚೀಲದ ಒಳಮೈಯಲ್ಲಿ ರಾಯಚೂರಿನ ವ್ಯಾಪಾರಿಯ ಮುದ್ರೆ ಬೇರೆ ಇತ್ತು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಇಂಪೋರ್ಟೆಡ್ ಕ್ವಾಲಿಟಿ ಬೇರೆ ಇರುತ್ತೆ ಕಣಯ್ಯ ಎಂದು ರಾಯರು ಚೀಲವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ನನ್ನ ಜಾಣತನವೂ ಕಡಿಮೆಯದಲ್ಲ. ಗುರೆಳ್ಳೆಂದರೆ ಹುರಿಯಬೇಕು ಎಂದಷ್ಟೇ ನನಗೆ ಗೊತ್ತು. ಮನೆಯಲ್ಲಿ ಚಟ್ನಿಹಿಂಡಿ ಕುಟ್ಟುವ ಮುಂಚೆ ಹೆಂಡತಿ ಹುರಿಯುವಂತೆ ಘಮ್ಮೆನ್ನುವ ಹಾಗೆ ಹುರಿದು ಮೊದಲ ಕಷಾಯ ಮಾಡಿದೆ. ಯೀಸ್ಟು ಕಂದಾಗಲಿಲ್ಲ. ರಾಯರು ಮುಂಬಯಿಯವರಿಗೆ ಮಾಲು ಕಳಪೆ ಎಂದು ಕಟುವಾಗಿ ಬರೆದರು. ನಾನು ಎರಡನೆಯ ಸಲ ಹಸಿಯದನ್ನೇ ಹಾಕಿ ಸುಮ್ಮನಾದೆ.

ಹೀಗೆ ಸುಮ್ಮನಾಗುವುದು ನನಗೆ ಅಭ್ಯಾಸವಾದದ್ದು ಅಲ್ಲಿಂದ ಎಂದು ಕಾಣುತ್ತದೆ.

ಎಪ್ಪತ್ತರ ದಶಕದ ಮೊದಮೊದಲು, ಸಂಕ್ರಾಂತಿ ಕಳೆದ ಮೇಲೆ, ಸಿರುಗುಪ್ಪದಿಂದ ಹುಸೇನಬಿ ಎಂಬ ಹೆಂಗಸನ್ನು ಆಸ್ಪತ್ರೆಗೆ ಕರೆತಂದರು. ಗಟ್ಟಿಮುಟ್ಟಾದ ಆಳು, ಗದ್ದೆ ನಾಟಿಗೆ ದೇಶನೂರಿನವರೆಗೆ ಹೋಗಿಬರುತ್ತಿದ್ದವಳು. ವಾರಗಟ್ಟಲೆ ತಲೆನೋವು, ವಾಂತಿ, ಆಮೇಲೆ ಕಣ್ಣು ಮಂಜು. ಕ್ಷಯದ ಮಿದುಳುಜ್ವರ ಎಂದು ಸೂಜಿ ಕೊಡುತ್ತಿದ್ದರು. ಬೆನ್ನಿನಿಂದ ತೆಗೆದ ನೀರು ನಮ್ಮ ಲ್ಯಾಬಿಗೆ ಬಂತು. ಒಂದು ತೊಟ್ಟು ಕಪ್ಪು ಶಾಯಿ ಬೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಕರಿಯ ಆಕಾಶದಲ್ಲಿ ಬಳೆ ಕಟ್ಟಿದ ಚಂದ್ರರ ಹಾಗೆ ದುಂಡು ದುಂಡು ಯೀಸ್ಟುಗಳು. ಗುರೆಳ್ಳಿನ ತಟ್ಟೆಯಲ್ಲಿ ಕಂದಾದವು. ಅದಕ್ಕಿದ್ದ ಔಷಧ ಬಳ್ಳಾರಿಯಲ್ಲಿ ಸಿಗುತ್ತಿರಲಿಲ್ಲ. ತರಿಸುವ ಮಾತು ನಡೆಯುತ್ತಿರುವಾಗಲೇ ಹುಸೇನಬಿ ತೀರಿಕೊಂಡಳು. ಅವಳ ಯೀಸ್ಟನ್ನು ನಾನು ಒಂದು ಟ್ಯೂಬಿನಲ್ಲಿ ಬೆಳೆಸಿ ಫ್ರಿಜ್ಜಿನಲ್ಲಿಟ್ಟೆ. ಇನ್ನೊಂದು ಟ್ಯೂಬನ್ನು, ನಾವು ಗುರುತಿಸಿದ್ದು ಸರಿಯೇ ಎಂದು ಕೇಳಲು, ಉತ್ತರದ ಒಂದು ದೊಡ್ಡ ಸಂಸ್ಥೆಗೆ ಅಂಚೆಯಲ್ಲಿ ಕಳಿಸಿದೆವು. ಸರಿ ಎಂದು ಉತ್ತರ ಬಂತು. ಆ ಟ್ಯೂಬನ್ನು ನಾನು ಅಲ್ಲಿಗೇ ಮರೆತೆ.

ಬೇಸಿಗೆ ಬಂತು. ರೋಗದ ಯೀಸ್ಟು ಮನುಷ್ಯನ ಮೈಯ ಬಿಸಿಯಲ್ಲಿ ಬೆಳೆಯಬೇಕೆಂದು ನಮ್ಮಲ್ಲಿ ಒಂದು ವಿಲಾಯತಿ ಬಿಸಿಪೆಟ್ಟಿಗೆ ಇತ್ತು. ಚಳಿಯ ದೇಶದಲ್ಲಿ ಮಾಡಿದ್ದರಿಂದ ಅದಕ್ಕೆ ಬಿಸಿ ಮಾಡುವುದೊಂದೇ ಗೊತ್ತು. ಬಳ್ಳಾರಿಯ ಕೋಣೆಯೇ ಪೆಟ್ಟಿಗೆಗಿಂತ ಕಾದಾಗ ಅದು ದೀಪ ಆರಿಸಿಕೊಂಡು ಕೂತುಬಿಡುತ್ತಿತ್ತು. ನಾವು ಒದ್ದೆ ಗೋಣಿ ಹೊದಿಸಿ ಅದಕ್ಕೆ ಶುಶ್ರೂಷೆ ಮಾಡುತ್ತಿದ್ದೆವು. ಆ ಲ್ಯಾಬಿನಲ್ಲಿ ನಿಜವಾಗಿ ತಣ್ಣಗಿದ್ದದ್ದು ಫ್ರಿಜ್ಜು ಮಾತ್ರ. ಆ ವರ್ಷ ಆಸ್ಪತ್ರೆ ನಡೆಸುವ ಟ್ರಸ್ಟಿನ ಯಜಮಾನರು ನೋಡಲು ಬರುತ್ತಾರೆಂದು ಸುದ್ದಿ ಬಂತು. ಅವರಿಗೆ ಕೊಡಲು ರಾಯರು ಎರಡು ಬುಟ್ಟಿ ಮಾವಿನಹಣ್ಣು ತರಿಸಿ, ಟ್ಯೂಬುಗಳ ಸ್ಟ್ಯಾಂಡು ಹೊರಗಿಡಯ್ಯ, ಸಂಜೆಗೆ ವಾಪಸ್ಸು ಇಟ್ಟರಾಯಿತು ಎಂದರು. ನಾನು ಸ್ಟ್ಯಾಂಡನ್ನು ಕಿಟಕಿಯ ಹಲಗೆಯ ಮೇಲಿಟ್ಟೆ. ಯಜಮಾನರು ಆ ಸಂಜೆ ಬರಲಿಲ್ಲ, ಮರುದಿನವೂ ಬರಲಿಲ್ಲ. ಬಂದದ್ದು ವಾರದ ಕೊನೆಗೆ. ಹಣ್ಣು ತುಂಬ ಚೆನ್ನಾಗಿದೆ, ಸಂಶೋಧನೆಯೂ ಚೆನ್ನಾಗಿದೆ ಎಂದರು. ನಾನು ಸ್ಟ್ಯಾಂಡನ್ನು ಮತ್ತೆ ಒಳಗಿಟ್ಟೆ. ಸತ್ತ ಯೀಸ್ಟು ನೋಡಲು ಬದುಕಿದ್ದಂತೆಯೇ ಇರುತ್ತದೆ. ಹಾಗಾಗಿ ಏನೂ ಆಗಿಲ್ಲವೆಂದುಕೊಂಡೆ.

ಅದೇ ಹೊತ್ತಿಗೆ ರಾಯರು ಒಂದು ವಿಲಾಯತಿ ಪತ್ರಿಕೆಯಲ್ಲಿ, ಕ್ರಿಪ್ಟೊಕಾಕಸ್ಸಿನ ತವರು ಪಾರಿವಾಳದ ಹಿಕ್ಕೆ ಎಂದು ಓದಿದರು. ಹುಸೇನಬಿಯ ಗಂಡ ಖಾಸೀಂಸಾಬ ಪಾರಿವಾಳ ಸಾಕುತ್ತಾನೆಂದು ನೆನಪಾಯಿತು. ಮರುವಾರವೇ ಆಸ್ಪತ್ರೆಯ ಕಾರಿನಲ್ಲಿ ಸಿರುಗುಪ್ಪಕ್ಕೆ ಹೊರಟೆವು.

ಖಾಸೀಂಸಾಬ ಗಾದಿ ಹೊಲಿಯುತ್ತಾ ಕೂತಿದ್ದ. ದಾಡಿಯ ತುಂಬ ಹತ್ತಿಯ ಎಳೆ. ಡಾಕ್ಟರು ತನ್ನ ಮನೆಯವರೆಗೆ ಬಂದರಲ್ಲ ಎಂಬ ಗೌರವಕ್ಕೆ ಏನು ಮಾಡಬೇಕೋ ತೋಚದೆ ಎದ್ದು ನಿಂತ. ಚಹಾ ತರಿಸಿದ. ಮಾಳಿಗೆಯ ಗೂಡಿನಿಂದ ಹಿಕ್ಕೆ ಬೇಕೆಂದಾಗ ನನ್ನನ್ನು ಏಣಿ ಹತ್ತಲು ಬಿಡದೆ ತಾನೇ ಹತ್ತಿ, ತಾನೇ ಕೆರೆದು ಡಬ್ಬಿ ತುಂಬಿಕೊಟ್ಟ. ಔಷಧಕ್ಕೆ ಬೇಕಾಗಿದೆಯೆಂದು ತಿಳಿದಿದ್ದನೋ ಏನೋ. ಅವನ ಮಗಳು ಶಬೀರಾ, ಇನ್ನೂ ಶಾಲೆಗೆ ಸೇರದ ಹುಡುಗಿ, ಕೆಳಗೆ ನಿಂತು ಪ್ರತಿ ಹಕ್ಕಿಯ ಹೆಸರು ಕೂಗಿ ಹೇಳಿದಳು. ಅಲ್ಲಿಯ ವರ್ಗೀಕರಣ ನಮ್ಮದಕ್ಕಿಂತ ಚೆನ್ನಾಗಿತ್ತು. ಒಂದು ಹಕ್ಕಿಗೆ ಒಂದೇ ಹೆಸರು, ಹೊಸ ಪತ್ರಿಕೆ ಬಂದರೆ ಬದಲಾಗುತ್ತಿರಲಿಲ್ಲ.

ಹಿಕ್ಕೆಯಲ್ಲಿ ಯೀಸ್ಟು ಸಿಕ್ಕಿತು. ಗುರೆಳ್ಳಿನ ಮೇಲೆ ಕಂದಾಯಿತು. ರಾಯರು ಕುಣಿಯುವುದೊಂದು ಬಾಕಿ. ಇನ್ನು ಹುಸೇನಬಿಯ ಯೀಸ್ಟನ್ನೂ ಪಾರಿವಾಳದ ಯೀಸ್ಟನ್ನೂ ಪಕ್ಕಪಕ್ಕದಲ್ಲಿಟ್ಟು ಎಲ್ಲ ಪರೀಕ್ಷೆ ಮಾಡು ಎಂದರು. ನಾನು ಫ್ರಿಜ್ಜಿನಿಂದ ಹುಸೇನಬಿಯ ಟ್ಯೂಬು ತೆಗೆದು ಹೊಸ ಅಗರ್ ಮೇಲೆ ಗೀಚಿದೆ. ಬೆಳೆಯಲಿಲ್ಲ. ಮತ್ತೆ ಗೀಚಿದೆ. ಇಲ್ಲ. ಕಿಟಕಿಯ ಹಲಗೆಯ ಮೇಲೆ ಮಾವಿನಹಣ್ಣಿಗೆ ಜಾಗ ಬಿಟ್ಟುಕೊಟ್ಟು ಅದು ಬಿಸಿಲಿಗೆ ಬೆಂದು ಸತ್ತಿತ್ತು. ಬೇರೆ ರೋಗಿಗಳ ಟ್ಯೂಬುಗಳೂ ಸತ್ತಿದ್ದವು, ಆದರೆ ಅವರು ಇನ್ನೊಮ್ಮೆ ಉಗುಳಿ ಹೊಸದು ಕೊಡುತ್ತಿದ್ದರು. ಹುಸೇನಬಿ ಕೊಡುವಂತಿರಲಿಲ್ಲ.

ಹೇಳಬಹುದಿತ್ತು. ಹಣ್ಣು ಇಡಿಸಿದವರು ಅವರೇ, ಅರ್ಧ ತಪ್ಪು ಅವರ ಮೇಲೆ ಹೋಗುತ್ತಿತ್ತು. ಆದರೆ ಆ ಲ್ಯಾಬಿನಲ್ಲಿ ತಪ್ಪು ಯಾವಾಗಲೂ ಇಳಿಜಾರಿಗೇ ಹರಿಯುತ್ತಿತ್ತು, ಇಳಿಜಾರಿನ ಕೊನೆಯಲ್ಲಿ ನಾನಿದ್ದೆ. ಪಾರಿವಾಳದ ಟ್ಯೂಬಿನಿಂದ ತಂತಿಯ ತುದಿಯಲ್ಲಿ ಒಂದಿಷ್ಟು ಎತ್ತಿ ಹೊಸ ಟ್ಯೂಬಿಗೆ ಹಾಕಿ, ಹುಸೇನಬಿಯ ನಂಬರು ಬರೆದು ಅಂಟಿಸಿದೆ. ಅಷ್ಟೇ ಕೆಲಸ. ಬೀಡಿ ಸೇದಿ ಮುಗಿಸುವಷ್ಟು ಹೊತ್ತೂ ಹಿಡಿಯಲಿಲ್ಲ.

ಪರೀಕ್ಷೆಗಳ ಫಲಿತಾಂಶ ಬಂದಾಗ ರಾಯರು ಎರಡೂ ಸಾಲುಗಳ ಮೇಲೆ ಬೆರಳೋಡಿಸಿ, ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು: “ಅಣ್ಣತಮ್ಮಂದಿರು ಕಣಯ್ಯ ಮಲ್ಲಪ್ಪ. ಒಂದು ಕೂದಲಿನಷ್ಟು ವ್ಯತ್ಯಾಸ ಇಲ್ಲ ನೋಡು.”

ಹೇಗೆ ತಾನೇ ಇದ್ದೀತು.

ಹೈದರಾಬಾದಿನಲ್ಲಿ ನಡೆದ ವೈದ್ಯರ ಸಭೆಯಲ್ಲಿ ಅವರು ಇದನ್ನು ಓದಿದರು. ಸಭಿಕರಲ್ಲಿ ಒಬ್ಬರು, ಇಷ್ಟು ನಿಖರವಾಗಿ ಹೊಂದಿಕೊಂಡರೆ ಅನುಮಾನ ಪಡಬೇಕಲ್ಲವೇ, ಒಬ್ಬನೇ ಮನುಷ್ಯನಿಂದ ತೆಗೆದ ಎರಡು ಮಾದರಿಗಳೂ ಇಷ್ಟು ಹೊಂದುವುದಿಲ್ಲ ಎಂದರಂತೆ. ನಮ್ಮ ಮಲ್ಲಪ್ಪನ ಕೈ ಅಷ್ಟು ಶುದ್ಧ ಎಂದು ರಾಯರು ಉತ್ತರ ಕೊಟ್ಟರಂತೆ. ಚಪ್ಪಾಳೆ ಬಿತ್ತಂತೆ. ವಾಪಸ್ಸು ಬಂದು ಇದನ್ನು ನನಗೆ ಹೇಳಿ ಬೆನ್ನು ತಟ್ಟಿದರು. ಟ್ರಸ್ಟಿನವರು ಊರಿನ ಪತ್ರಿಕೆಯಲ್ಲಿ ಹಾಕಿಸಿದರು. ಪತ್ರಿಕೆ ಸಿರುಗುಪ್ಪಕ್ಕೆ ಹೋಯಿತು. ಹೆಂಡತಿಯನ್ನು ಕೊಂದದ್ದು ಗಂಡನ ಪಾರಿವಾಳ ಎಂದು ಬಸ್ ನಿಲ್ದಾಣದಲ್ಲಿ ಚಹಾ ಕುಡಿಯುವವರೂ ವರ್ಗೀಕರಣ ಮಾಡತೊಡಗಿದರು.

ಹುಸೇನಬಿಯ ತಾಯಿ ಇಮಾಮಬಿ ಕುರುಗೋಡಿನವಳು. ಸುದ್ದಿ ಕೇಳಿದ ದಿನವೇ ಬಂದು, ಬೀದಿಯಲ್ಲೇ ನಿಂತು ಅಳಿಯನಿಗೆ ಅನ್ನಬಾರದ್ದು ಅಂದು, ಶಬೀರಾಳನ್ನು ಎತ್ತಿಕೊಂಡು ಹೋದಳು. ಆಮೇಲೆ ಪುರಸಭೆಯವರು ಹಕ್ಕಿಗಳನ್ನು ನಾಶ ಮಾಡುವುದೆಂದು ನಿರ್ಧರಿಸಿದರು. ಆ ದಿನ ರಾಯರಿಗೆ ನಾಲ್ಕು ಮಾತಾಡಲು ಕರೆ ಬಂದಿತ್ತು. ನನ್ನನ್ನೂ ಕರೆದೊಯ್ದರು.

ರಾಯರು ಇಂಗ್ಲಿಷು ಬೆರೆಸಿ ಮಾತಾಡಿದರು. ಪುರಸಭೆಯ ಆಳುಗಳು ಗೋಣಿಚೀಲ ಹಿಡಿದು ನಿಂತಿದ್ದರು. ಖಾಸೀಂಸಾಬ ಅವರನ್ನೂ ನೋಡಲಿಲ್ಲ, ರಾಯರನ್ನೂ ನೋಡಲಿಲ್ಲ. ನೇರವಾಗಿ ನನ್ನ ಹತ್ತಿರ ಬಂದ.

“ಮಲ್ಲಪ್ಪಣ್ಣ, ದೊಡ್ಡವರ ಮಾತು ನನಗ ತಿಳಿಯಾಂಗಿಲ್ಲ. ನೀ ಕಣ್ಣಿಲೆ ನೋಡೀಯೇನು? ನನ್ನ ಹಕ್ಕಿದೂ ಆಕಿ ತಲ್ಯಾಗಿಂದೂ ಒಂದ ಐತೇನು?”

“ನೋಡೀನಿ,” ಎಂದೆ. “ಒಂದ ಐತಿ.”

ಸುಳ್ಳೆಂದು ಯಾರೂ ಹೇಳುವಂತಿರಲಿಲ್ಲ. ನಾನು ನೋಡಿದ ಎರಡೂ ಟ್ಯೂಬಿನಲ್ಲಿ ಇದ್ದದ್ದು ಒಂದೇ.

ಅವನು ತಲೆಯಾಡಿಸಿ ಏಣಿಯ ಕಡೆ ಹೋದ. ಪುರಸಭೆಯವರು ಹತ್ತಲು ಬಂದಾಗ ಕೈ ಅಡ್ಡ ಹಿಡಿದ. ತಾನೊಬ್ಬನೇ ಮೇಲೆ ಹೋಗಿ ಒಂದೊಂದನ್ನಾಗಿ ಹಿಡಿದು ಕತ್ತು ಮುರಿದು ಚೀಲಕ್ಕೆ ಹಾಕಿದ. ಹಕ್ಕಿಗಳು ಹಾರಿಹೋಗಲಿಲ್ಲ. ಅವನ ಕೈಯೆಂದು ಅವಕ್ಕೆ ಗೊತ್ತಿತ್ತು, ತಾವಾಗಿಯೇ ಹತ್ತಿರ ಬಂದವು. ರಾಯರು ಗಡಿಯಾರ ನೋಡಿಕೊಂಡರು. ಪುರಸಭೆಯ ಅಧ್ಯಕ್ಷರ ಮನೆಯಲ್ಲಿ ಊಟ ಇತ್ತು. ನಾನೂ ಉಂಡೆ.

ಆಮೇಲಿನ ವರ್ಷಗಳಲ್ಲಿ ನಾನು ಮಾಡಿದ ಮುಖ್ಯ ಕೆಲಸವೆಂದರೆ ಆ ಎರಡು ಟ್ಯೂಬುಗಳನ್ನು ತಿಂಗಳು ತಿಂಗಳು ಹೊಸ ಅಗರಿಗೆ ಬದಲಿಸಿ ಜೀವಂತ ಇಟ್ಟದ್ದು. ನೋಡಲು ಬಂದವರಿಗೆ ರಾಯರು ಅಣ್ಣತಮ್ಮಂದಿರನ್ನು ತೋರಿಸುತ್ತಿದ್ದರು. ಸತ್ಯವನ್ನು ಸಾಯಗೊಟ್ಟವನು ಸುಳ್ಳನ್ನು ಎಷ್ಟು ಮುತುವರ್ಜಿಯಿಂದ ಸಾಕಿದೆ ನೋಡಿ. ಖಾಸೀಂಸಾಬ ಅರಳೆ ಕೊಳ್ಳಲು ಬಳ್ಳಾರಿಗೆ ಬರುತ್ತಿ‍ದ್ದ. ದೂರದಿಂದ ಕಂಡರೆ ನಾನು ರಸ್ತೆಯ ಆಚೆ ಬದಿಗೆ ದಾಟುತ್ತಿದ್ದೆ. ಹಚ್ಚೊಳ್ಳಿಯ ರೋಗಿಯೊಬ್ಬ ಅವನ ಸುದ್ದಿ ಹೇಳಿದ. ಪ್ರತಿ ಹಬ್ಬಕ್ಕೂ ಮಗಳಿಗೆ ಬಟ್ಟೆ ತೆಗೆದುಕೊಂಡು ಕುರುಗೋಡಿಗೆ ಹೋಗುತ್ತಾನಂತೆ, ಅತ್ತೆಯ ಮನೆಯೆದುರು ನಿಲ್ಲುತ್ತಾನಂತೆ, ಮಗಳು ಹೊರಗೆ ಬರುವುದಿಲ್ಲವಂತೆ, ಬಟ್ಟೆ ಕಟ್ಟೆಯ ಮೇಲಿಟ್ಟು ಬರುತ್ತಾನಂತೆ. ಆ ರೋಗಿ ಇದನ್ನು ಸುಮ್ಮನೆ ಊರ ಸುದ್ದಿಯಾಗಿ ಹೇಳುತ್ತಾ ಉಗುಳುವ ಡಬ್ಬಿ ನನ್ನ ಕೈಗಿಟ್ಟ.

ಎಂಬತ್ತರ ದಶಕದ ನಡುವಿಗೆ ರಾಯರು ನಿವೃತ್ತರಾದರು. ಅವರ ಜಾಗಕ್ಕೆ ಧಾರವಾಡದ ಡಾಕ್ಟರ್ ವಸುಂಧರಾ ಬಂದರು. ವಯಸ್ಸು ಚಿಕ್ಕದು, ಮಾತು ಕಡಿಮೆ. ಫ್ರಿಜ್ಜಿನಲ್ಲಿ ತಿನ್ನುವ ವಸ್ತು ಕಂಡರೆ ಅದನ್ನು ಇಟ್ಟವರ ಮುಂದೆಯೇ ಕಸದ ಬುಟ್ಟಿಗೆ ಹಾಕುತ್ತಿದ್ದರು. ಕ್ರಿಪ್ಟೊಕಾಕಸ್ಸಿನಲ್ಲೇ ಎರಡು ಬಗೆಗಳಿವೆ, ಯೀಸ್ಟು ಬೆಳೆಸುವ ಒಂದು ಹೊಸ ಮೀಡಿಯದ ಮೇಲೆ ಅವನ್ನು ಬಣ್ಣದಿಂದಲೇ ಬೇರೆ ಮಾಡಬಹುದು ಎಂದು ಅವರಿಗೆ ಗೊತ್ತಾಗಿತ್ತು. ಒಂದು ಬಗೆ ಮೀಡಿಯವನ್ನು ನೀಲಿ ಮಾಡುತ್ತದೆ, ಇನ್ನೊಂದು ಹಳದಿಯಾಗಿಯೇ ಬಿಡುತ್ತದೆ. ಪ್ರಸಿದ್ಧ ಅಣ್ಣತಮ್ಮಂದಿರಿಂದಲೇ ಶುರು ಮಾಡೋಣ ಎಂದರು. ನನ್ನನ್ನು ಕೇಳದೆ ಇನ್ನೊಂದು ಕೆಲಸವನ್ನೂ ಮಾಡಿದ್ದರು. ಉತ್ತರದ ಆ ದೊಡ್ಡ ಸಂಸ್ಥೆಗೆ ಬರೆದು, ನಾವು ಮೊದಲಲ್ಲಿ ಕಳಿಸಿದ್ದ ಹುಸೇನಬಿಯ ಮಾದರಿ ಉಳಿದಿದ್ದರೆ ಕಳಿಸಿ ಎಂದಿದ್ದರು. ಅವರು ಅದನ್ನು ಒಣಗಿಸಿ ಗಾಜಿನ ಕುಪ್ಪಿಯಲ್ಲಿ ಮುಚ್ಚಿ ಇಟ್ಟಿದ್ದರು. ಕುಪ್ಪಿ ಬಂತು. ಒಳಗೆ ಚಿಟಿಕೆ ಬಿಳಿ ಪುಡಿ. ನೀರು ಹಾಕಿ ಬೆಳೆಸಿದರೆ ಎದ್ದು ಕೂತಿತು.

ಮೂರು ಟ್ಯೂಬು ಸಾಲಾಗಿ ಇಟ್ಟರು. ಪಾರಿವಾಳದ್ದು ಹಳದಿ. ನಮ್ಮ ಫ್ರಿಜ್ಜಿನಲ್ಲಿದ್ದ ಹುಸೇನಬಿಯ ನಂಬರಿನದು ಹಳದಿ. ಕುಪ್ಪಿಯಿಂದ ಎದ್ದ ಹುಸೇನಬಿಯದು ಕಡುನೀಲಿ.

“ಮಲ್ಲಪ್ಪನವರ, ನಂಬರು ಒಂದ, ಜೀವ ಎರಡು,” ಎಂದರು ಡಾಕ್ಟರು. “ಇದು ಹೆಂಗ್ರಿ?”

ಲೇಬಲ್ ಕಳಚಿ ಬಿದ್ದಿರಬೇಕು ಎನ್ನಬಹುದಿತ್ತು. ಬೇಸಿಗೆಯಲ್ಲಿ ಅಂಟು ಒಣಗಿ ಲೇಬಲ್ಲುಗಳು ಉದುರುತ್ತಿದ್ದದ್ದು ಎಲ್ಲರಿಗೂ ಗೊತ್ತಿತ್ತು. ಬಾಯಿಗೆ ಆ ಮಾತು ಬಂದೂ ಇತ್ತು. ಯಾಕೋ ಮಾವಿನಹಣ್ಣಿನಿಂದ ಶುರು ಮಾಡಿ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಸ್ಟೂಲಿನ ಮೇಲೆ ಕೂತು ಕೇಳಿದರು. ಕೊನೆಗೆ ವಿವರಿಸಿದರು: ಇವೆರಡೂ ಒಂದೇ ಕುಲವಾದರೂ ಯಾವ ಕಾಲದಲ್ಲೋ ಬೇರೆಯಾದ ಎರಡು ವಂಶ, ಹೊದ್ದ ಹೊದಿಕೆಯೇ ಬೇರೆ, ನೀಲಿ ಮಾಡುವುದು ಪಾರಿವಾಳದ ಹಿಕ್ಕೆಯಲ್ಲಿ ಇದುವರೆಗೆ ಯಾರಿಗೂ ಸಿಕ್ಕಿಲ್ಲ. ಆಮೇಲೆ, ನನ್ನ ಮುಖ ನೋಡಿ ಪಾಪ ಅನ್ನಿಸಿತೋ ಏನೋ, ಅಂದಿನ ಸಕ್ಕರೆ ಪರೀಕ್ಷೆಗಳಲ್ಲಿ ನೀವು ಅಸಲಿ ಟ್ಯೂಬನ್ನೇ ಇಟ್ಟಿದ್ದರೂ ಹೆಚ್ಚುಕಡಿಮೆ ಒಂದೇ ಎಂದು ಬರುತ್ತಿತ್ತು ಎಂದರು.

ಈ ಮಾತನ್ನು ನಾನು ಕೆಲವು ದಿನ ಬಾಯಲ್ಲಿ ಸಕ್ಕರೆ ಇಟ್ಟುಕೊಂಡಂತೆ ಇಟ್ಟುಕೊಂಡಿದ್ದೆ. ಹಾಗಿದ್ದರೆ ನನ್ನ ಮೋಸದಿಂದ ಏನೂ ಬದಲಾಗಲಿಲ್ಲವಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರು ಈ ಸಕ್ಕರೆಯ ಬಗ್ಗೆ ಎಚ್ಚರದಿಂದಿರಬೇಕು. ಖಾಸೀಂಸಾಬ ನನ್ನನ್ನು ಸಕ್ಕರೆ ಪರೀಕ್ಷೆಯ ಫಲಿತಾಂಶ ಕೇಳಿರಲಿಲ್ಲ. ನೀನು ಕಣ್ಣಾರೆ ನೋಡಿದ್ದೀಯೇನು ಎಂದು ಕೇಳಿದ್ದ. ಹುಸೇನಬಿಯದನ್ನು ಹಕ್ಕಿಯದರ ಪಕ್ಕದಲ್ಲಿಟ್ಟು ನಾನು ನೋಡಿರಲೇ ಇಲ್ಲ.

ಹಳೆಯ ಯಜಮಾನರಲ್ಲವೇ, ಮೊದಲು ರಾಯರಿಗೆ ತಿಳಿಸೋಣವೆಂದು ಗಾಂಧಿನಗರದ ಅವರ ಮನೆಗೆ ಹೋದೆ. ಬೈಯುತ್ತಾರೆ, ಹೊರಗೆ ಹಾಕುತ್ತಾರೆ ಎಂದು ಅಂಜಿಕೊಂಡಿದ್ದೆ. ಅವರು ಕುರ್ಚಿಯಿಂದ ಅರ್ಧ ಎದ್ದರು. ಮುಖ ಅರಳಿತ್ತು. ಹಾಗಾದರೆ ನಮ್ಮ ಜಿಲ್ಲೆಯಲ್ಲಿ ಎರಡು ಬಗೆಯೂ ಇದೆ ಎಂದಾಯಿತು, ಇದು ಮೊದಲಿನದಕ್ಕಿಂತ ದೊಡ್ಡ ಶೋಧ ಎಂದರು. ಎರಡನೆಯ ಪ್ರಬಂಧಕ್ಕೆ ಅಲ್ಲೇ ಶೀರ್ಷಿಕೆ ಹುಡುಕತೊಡಗಿದರು. ಮೊದಲನೆಯದು ತಪ್ಪಾಯಿತಲ್ಲ ಸಾರ್ ಎಂದರೆ, ವಿಜ್ಞಾನ ಮುಂದೆ ಹೋಗುವುದೇ ಹೀಗೆ ಎಂದರು. ಖಾಸೀಂಸಾಬನ ಹೆಸರು ಹೇಳಿದೆ. ಯಾರು ಎಂದು ಕೇಳಿದರು. ನೆನಪು ಮಾಡಿಕೊಟ್ಟ ಮೇಲೆ, ಪ್ರಬಂಧ ಅಚ್ಚಾಗುವವರೆಗೆ ಅವನಿಗೇನೂ ಹೇಳಬೇಡಯ್ಯ, ಬೇರೆಯವರು ಮೊದಲು ಬರೆದುಬಿಟ್ಟಾರು ಎಂದು ಎಚ್ಚರಿಸಿದರು.

ಮರುದಿನ ಡಾಕ್ಟರ್ ವಸುಂಧರಾ ನನ್ನನ್ನು ಕರೆದು, ಹೋದಿರಾ ಎಂದರು. ರಾಯರ ಮನೆಗೆ ಹೋಗಿದ್ದೆ ಎಂದೆ. ಅವರು ನೀಲಿ ಟ್ಯೂಬು ಒಂದು, ಹಳದಿ ಟ್ಯೂಬು ಒಂದು ತೆಗೆದು, ಫಾರ್ಮಲಿನ್ ಹಾಕಿ ಒಳಗಿನದನ್ನು ಕೊಂದು, ಬಿರಡೆ ಬಿಗಿದು ಮೇಣ ಹಚ್ಚಿ ನನ್ನ ಕೈಯಲ್ಲಿಟ್ಟರು.

“ರಾಯರ ಮನಿ ಅಲ್ರಿ. ಸಿರುಗುಪ್ಪಕ್ಕ ಹೋಗ್ರಿ.”

ಖಾಸೀಂಸಾಬನ ದಾಡಿ ಈಗ ಹತ್ತಿಯ ಬಣ್ಣಕ್ಕೇ ಬಂದಿತ್ತು. ಮಾಳಿಗೆಯ ಮೇಲೆ ಗೂಡಿರಲಿಲ್ಲ. ನಾನು ಹೇಳುವಷ್ಟು ಹೊತ್ತೂ ಅವನು ಗಾದಿಗೆ ಟಾಕು ಹಾಕುತ್ತಲೇ ಇದ್ದ. ಎಲ್ಲ ಮುಗಿದ ಮೇಲೆ ದಾರ ಹಲ್ಲಿನಿಂದ ಕಡಿದ.

“ಹಕ್ಕಿ ಅಲ್ಲ ಅಂತೀ.”

“ಅಲ್ಲ.”

“ನನಗ್ಯಾಕ ಹೇಳ್ತಿ ಇದನ್ನ? ನಾ ಎಂದೂ ಹಕ್ಕಿನ ಬೈದಿಲ್ಲ. ಹೇಳಬೇಕಾದವರು ಕುರುಗೋಡಿನಾಗ ಅದಾರ. ನಡಿ.”

ಈ ಸಲ ಅಣ್ಣ ಎನ್ನಲಿಲ್ಲ. ಸೂಜಿಯನ್ನು ಗಾದಿಗೇ ಚುಚ್ಚಿಟ್ಟು ಎದ್ದ. ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಜಾಗ ಇದ್ದರೂ ಹಿಂದೆ ಹೋಗಿ ಕೂತ.

ಇಮಾಮಬಿ ಮುದುಕಿಯಾಗಿ ಕಟ್ಟೆಯ ಮೇಲೆ ಕೂತಿದ್ದಳು. ಶಬೀರಾಳಿಗೆ ಅದೇ ಊರಿನಲ್ಲಿ ಮದುವೆಯಾಗಿತ್ತು, ಬಾಣಂತನಕ್ಕೆ ಅಜ್ಜಿಯ ಮನೆಗೆ ಬಂದಿದ್ದಳು. ಬಾಗಿಲ ಹಿಂದೆ ಕೂಸನ್ನು ಹೆಗಲಿಗೆ ಹಾಕಿಕೊಂಡು ನಿಂತಳು. ಖಾಸೀಂಸಾಬ ಬೀದಿಯ ಆಚೆ ಗೋಡೆಯ ಬದಿಗೆ ನಿಂತ. ನೆರಳಿರಲಿಲ್ಲ. ಅವನು ನಿಲ್ಲುವ ಜಾಗ ಅದೇ ಇರಬೇಕು, ಯಾರೂ ತೋರಿಸದೆ ಹೋಗಿ ನಿಂತ. ನಾನು ಕಟ್ಟೆಯ ಕೆಳಗೆ ನಿಂತು ಹಣ್ಣು, ಕಿಟಕಿ, ಲೇಬಲ್ಲು ಎಲ್ಲವನ್ನೂ ಹೇಳಿದೆ. ಲ್ಯಾಬಿನ ಮಾತು ಒಂದೂ ಸೇರಿಸಲಿಲ್ಲ. ಎರಡು ಟ್ಯೂಬು ತೋರಿಸಿದೆ. ಹಳದಿಯದು ಹಕ್ಕಿಯದು, ನೀಲಿಯದು ಹುಸೇನಬಿಯದು, ಒಂದಕ್ಕೊಂದು ಸಂಬಂಧವಿಲ್ಲ ಎಂದೆ.

ಶಬೀರಾ ಕೈ ಚಾಚಿ ನೀಲಿ ಟ್ಯೂಬು ತೆಗೆದುಕೊಂಡಳು.

“ಇದು ನಮ್ಮವ್ವಂದೇನ್ರಿ?”

“ಹೌದು ತಾಯಿ.”

“ಹಂಗಾರ ಆಕಿಗೆ ಎಲ್ಲಿಂದ ಬಂತು?”

“ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ.”

ಇಮಾಮಬಿ ಎಲೆ ಅಡಿಕೆ ಉಗುಳಿ ಮಾತಾಡಿದಳು. “ಅವತ್ತು ಗೊತ್ತೈತಿ ಅಂದ್ರಿ. ಇವತ್ತು ಗೊತ್ತಿಲ್ಲ ಅಂತೀರಿ. ನಾಳಿಗೆ ಮತ್ತೊಬ್ಬ ಬಂದು ಹಕ್ಕೀನ ಖರೆ ಅಂತಾನೇನು? ನಿಮ್ಮ ದವಾಖಾನಿಗೆ ಒಂದು ಬಾಯಿ ಐತೋ ಹತ್ತು ಅದಾವೋ?”

ಹೈದರಾಬಾದಿನ ಸಭೆಯಲ್ಲಿ ಈಕೆಯನ್ನು ಕೂರಿಸಬೇಕಿತ್ತು. ನಾನು ತಂದ ಸತ್ಯ ಇಷ್ಟು ತಡವಾಗಿ ಬಂದು ಸುಳ್ಳಿನ ಹಾಗೆಯೇ ಕಾಣುತ್ತಿತ್ತು. ಆಗ ಶಬೀರಾ ಟ್ಯೂಬಿನಿಂದ ಕಣ್ಣೆತ್ತದೆ ಕೇಳಿದಳು, “ಹಕ್ಕಿನೆಲ್ಲ ಆದೋನಿಯವರಿಗೆ ಮಾರಿದ್ನಂತಲ್ರಿ ನಮ್ಮಪ್ಪ. ಅವ್ವ ಸತ್ತರೂ ರೊಕ್ಕ ಬಿಡಲಿಲ್ಲ ಅಂತ.”

ಇದು ನನಗೆ ಹೊಸದು. ಇಮಾಮಬಿ ಬೇರೆ ಕಡೆ ನೋಡಿದಳು. ಆ ದಿನ ನಾನು ಕಣ್ಣಾರೆ ನೋಡಿದ್ದು ಒಂದಾದರೂ ಇತ್ತು.

“ಮಾರಿಲ್ಲ,” ಎಂದೆ. “ನಾ ಅಲ್ಲೇ ನಿಂತಿದ್ದೆ. ಪುರಸಭೆಯವರು ಕೊಲ್ಲಾಕ ಬಂದಿದ್ರು. ನಿಮ್ಮಪ್ಪ ಅವರಿಗೆ ಮುಟ್ಟಾಕ ಬಿಡಲಿಲ್ಲ. ತನ್ನ ಕೈಯಾರೆ ಕೊಂದ.”

“ಎಲ್ಲಾನೂ?”

“ಎಲ್ಲಾನೂ.”

ಕೂಸು ಕೊಸರಾಡಿತು. ಶಬೀರಾ ಅದನ್ನು ಅಜ್ಜಿಯ ಮಡಿಲಲ್ಲಿಟ್ಟು, ತಲೆಯ ಮೇಲೆ ಸೆರಗು ಎಳೆದುಕೊಂಡು ಕಟ್ಟೆ ಇಳಿದಳು. ಬೀದಿಯ ನಡುವಿನವರೆಗೆ ಹೋಗಿ ನಿಂತಳು. ತಂದೆ ಮಗಳು ಇಬ್ಬರಿಗೂ ಅಷ್ಟು ಹತ್ತಿರದಿಂದ ಒಬ್ಬರನ್ನೊಬ್ಬರು ನೋಡಿ ಅಭ್ಯಾಸವಿರಲಿಲ್ಲ.

“ಅಪ್ಪಾ, ಬಿಸಿಲಾಗ ಯಾಕ ನಿಂತಿ,” ಎಂದಳು. “ಒಳಗ ಬಾ.”

ಖಾಸೀಂಸಾಬ ಬೀದಿ ದಾಟಿದ. ಕಟ್ಟೆಯ ಹತ್ತಿರ ಚಪ್ಪಲಿ ಬಿಡಲು ಬಗ್ಗಿದವನು ಬಹಳ ಹೊತ್ತು ಬಗ್ಗಿಕೊಂಡೇ ಇದ್ದ. ಇಮಾಮಬಿ ಕೂಸನ್ನು ಎತ್ತಿಕೊಂಡು ಸ್ವಲ್ಪ ಸರಿದು ದಾರಿ ಬಿಟ್ಟಳು. ಮೂವರೂ ಒಳಗೆ ಹೋದರು. ನನ್ನನ್ನು ಯಾರೂ ಕರೆಯಲಿಲ್ಲ. ಕರೆದಿದ್ದರೆ ಯಾವ ಮುಖ ಹೊತ್ತು ಹೋಗುತ್ತಿದ್ದೆನೋ ಗೊತ್ತಿಲ್ಲ.

ನೀಲಿ ಟ್ಯೂಬು ಶಬೀರಾಳ ಕೈಯಲ್ಲೇ ಉಳಿದಿತ್ತು. ಲ್ಯಾಬಿನ ವಸ್ತು, ಹೊರಗೆ ಬಿಟ್ಟುಬರುವಂತಿಲ್ಲ, ಕೇಳಿ ತರಬೇಕಿತ್ತು. ನಾನು ಕೇಳಲಿಲ್ಲ. ಹಳದಿಯದನ್ನು ಜೇಬಿಗೆ ಹಾಕಿಕೊಂಡು ಬಳ್ಳಾರಿಯ ಬಸ್ಸಿಗೆ ನಡೆದೆ.